ನಿರ್ಮಾಲ್ಯವೂ ರಾಳವೂ

ಈಚಿನ ಕೆಲವು ವರ್ಷಗಳಿಂದ ವಿವಾಹಾದಿ ಶುಭಕಾರ್ಯಗಳು ನಡೆದ ಮನೆಗಳಲ್ಲಿ ಹೊಸದೊಂದು ರೂಢಿಯು ತಲೆದೋರಿದೆ. ವಧೂವರರು ಪರಸ್ಪರ ಹಾಕಿಕೊಂಡ ಮಾಲೆಯನ್ನು ಒಣಗಿಸಿ, ಅಚ್ಚಿನೊಳಗಿಟ್ಟು, ಅದರ ಮೇಲೆ ಪಾರದರ್ಶಕವಾದ ಕೃತಕ ರಾಳವನ್ನು ಸುರಿದು, ಗಾಜಿನ ಹಲಗೆಯಂತೆ ಗಟ್ಟಿಮಾಡಿಸಿ ಗೋಡೆಗೆ ತೂಗುಹಾಕುವುದೇ ಆ ರೂಢಿ. ರಾಳವೆಂಬ ಹಳೆಯ ಮಾತನ್ನು ಬಿಟ್ಟು ಜನರು ಇದನ್ನು ‘ರೆಸಿನ್’ ಎಂದೇ ಕರೆಯುತ್ತಾರೆ. ಮಾಲೆಯಿಂದ ಮೊದಲಾದದ್ದು ಮಾಲೆಯಲ್ಲಿಯೇ ನಿಲ್ಲಲಿಲ್ಲ. ಮಗುವಿನ ಹೊಕ್ಕುಳ ಬಳ್ಳಿಯ ತುಣುಕು, ಚೌಲದ ಕೂದಲು, ತಾಯಿಯ ಎದೆಹಾಲು, ಅಜ್ಜಿಯ ಸೀರೆಯ ಸೆರಗು, ಅಜ್ಜನ ಕೈಬರಹದ ಕಾಗದ, ಹಳೆಯ ನಾಣ್ಯ, ಕೊನೆಗೆ ಚಿತಾಭಸ್ಮ ಕೂಡ ಇದೇ ರಾಳದೊಳಗೆ ಮುಳುಗಿ ಪದಕವಾಗಿಯೋ ಉಂಗುರವಾಗಿಯೋ ಮೇಜಿನ ಮೇಲಣ ಅಲಂಕಾರದ ಗಡ್ಡೆಯಾಗಿಯೋ ಹೊರಬರುತ್ತಿವೆ. ದೊಡ್ಡ ನಗರಗಳಲ್ಲಿ ಬೇರೂರಿದ ಈ ಕಸುಬಿಗೆ ದೂರವೆಂಬುದಿಲ್ಲ. ಚಾಮರಾಜನಗರದವರೇ ಆಗಲಿ ಗುಂಡ್ಲುಪೇಟೆಯವರೇ ಆಗಲಿ ಫೋನಿನಲ್ಲಿ ಚಿತ್ರಗಳನ್ನು ನೋಡಿ ಬೆಲೆ ಗೊತ್ತುಮಾಡಿಕೊಂಡು, ಮಾಲೆಯನ್ನು ಪೆಟ್ಟಿಗೆಯಲ್ಲಿಟ್ಟು ಕೊರಿಯರಿನಲ್ಲಿ ಕಳುಹಿಸಿದರೆ, ಕೆಲವು ವಾರಗಳಲ್ಲಿ ಅದು ಹಲಗೆಯಾಗಿ ಹಿಂದಿರುಗುತ್ತದೆ. ನೆನಪನ್ನು ಶಾಶ್ವತಗೊಳಿಸಿಕೊಡುತ್ತೇವೆಂಬುದೇ ಈ ವ್ಯಾಪಾರದ ಪ್ರತಿಜ್ಞೆ.

ಇದು ಯಾರಿಗೂ ಕೇಡಿಲ್ಲದ ಒಂದು ಷೋಕಿ. ಹಣವುಳ್ಳವರು ಮಾಡಿಸಿಕೊಳ್ಳಲಿ, ಇಲ್ಲದವರು ಸುಮ್ಮನಿರಲಿ ಎಂದು ವಿದ್ಯಾವಂತರಾದ ಗೃಹಸ್ಥರು ಉದಾಸೀನರಾಗಿದ್ದಾರೆ. ವಿಚಾರಮಾಡಿ ನೋಡಿದರೆ ವಿಷಯವು ಅಷ್ಟು ಹಗುರವಾದುದಲ್ಲ. ಈ ರೂಢಿಯ ವಿರುದ್ಧವಾಗಿ ಹೇಳಬೇಕಾದ ಮಾತುಗಳು ಮುಖ್ಯವಾಗಿ ಮೂರು. ರಾಳವು ಏನನ್ನು ಕಾಪಾಡುವೆನೆಂದು ಹೇಳುತ್ತದೆಯೋ ಅದನ್ನು ಕಾಪಾಡುವುದಿಲ್ಲ ಎಂಬುದು ಮೊದಲನೆಯದು. ನಿಜವಾಗಿಯೂ ಕಾಪಾಡತಕ್ಕ ವಸ್ತುಗಳನ್ನು ಅದು ಮತ್ತೆಂದಿಗೂ ಕೈಗೆ ಸಿಕ್ಕದಂತೆ ಮಾಡುತ್ತದೆ ಎಂಬುದು ಎರಡನೆಯದು. ಬಿಟ್ಟುಕೊಡಬೇಕಾದುದನ್ನು ಕಾಲದಲ್ಲಿ ಬಿಟ್ಟುಕೊಡುವ ಸಂಸ್ಕಾರವನ್ನು ಮನೆಯಿಂದ ಹೊರದೂಡುತ್ತದೆ ಎಂಬುದು ಮೂರನೆಯದು. ಈ ಮೂರನ್ನೂ ಕ್ರಮವಾಗಿ ಪರಿಶೀಲಿಸುವುದು ಯುಕ್ತ.

ರಾಳವೆಂಬ ಪದಾರ್ಥವು ಈ ನಾಡಿಗೆ ಹೊಸದೇನೂ ಅಲ್ಲ. ಕಾಡಿನ ಮರದ ಅಂಟು ಧೂಪವಾಗಿ ದೇವರ ಮುಂದೆ ಉರಿಯುತ್ತದೆ. ಕೀಟಗಳು ಕೊಡುವ ಅರಗು ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣವನ್ನೂ ಹೊಳಪನ್ನೂ ಕೊಡುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗಿಗಾಗಿಯೇ ಒಂದು ಕಾರ್ಖಾನೆಯು ಸ್ಥಾಪಿತವಾಯಿತು; ಇಂದು ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಮಸಿಗೆ ಪ್ರಸಿದ್ಧವಾಗಿರುವುದು ಅದೇ ಕಾರ್ಖಾನೆ. ಈ ಹಳೆಯ ರಾಳಗಳಿಗೆಲ್ಲ ಒಂದು ಸಾಧುಗುಣವುಂಟು. ಕಾಯಿಸಿದರೆ ಕರಗುತ್ತವೆ, ಉರಿಸಿದರೆ ಉರಿಯುತ್ತವೆ, ಮಣ್ಣಿಗೆ ಬಿದ್ದರೆ ಕಾಲಕ್ರಮದಲ್ಲಿ ಮಣ್ಣಾಗುತ್ತವೆ. ಅರಗಿನ ಮುದ್ರೆಯನ್ನು ಒಡೆದರೆ ಒಳಗಿನ ಪತ್ರವು ಹಾಗೆಯೇ ಸಿಕ್ಕುತ್ತದೆ. ಮುಚ್ಚುವುದೆಂಬುದು ತೆರೆಯುವುದಕ್ಕಾಗಿಯೇ ಎಂಬ ತತ್ತ್ವವನ್ನು ಆ ಅರಗು ಎಂದೂ ಮರೆಯಲಿಲ್ಲ.

ಹೊಸ ರಾಳದ ಸ್ವಭಾವವೇ ಬೇರೆ. ಇದಕ್ಕೆ ಎಪಾಕ್ಸಿ ಎಂದು ಹೆಸರು. ಇಪ್ಪತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ರಸಾಯನಶಾಸ್ತ್ರಜ್ಞರು ಕಂಡುಹಿಡಿದು, ನಲವತ್ತರ ದಶಕದಲ್ಲಿ ಮಾರುಕಟ್ಟೆಗೆ ಬಂದ ಪದಾರ್ಥವಿದು. ಒಡೆದ ಪಿಂಗಾಣಿಯನ್ನು ಅಂಟಿಸುವ ಅರಾಲ್ಡೈಟ್ ಎಂಬ ಜೋಡಿ ಕೊಳವೆಗಳ ಅಂಟನ್ನು ಬಲ್ಲವರು ಇದರ ಕುಲವನ್ನೂ ಬಲ್ಲರು. ರಾಳವೊಂದು, ಅದನ್ನು ಗಟ್ಟಿಮಾಡುವ ದ್ರವವೊಂದು. ಇವೆರಡನ್ನು ಗೊತ್ತಾದ ಅಳತೆಯಲ್ಲಿ ಕಲಸಿದ ಕೂಡಲೆ ಅವುಗಳ ಅಣುಗಳು ಒಂದನ್ನೊಂದು ಹೆಣೆದುಕೊಳ್ಳತೊಡಗುತ್ತವೆ. ಆಗ ಶಾಖವು ಹುಟ್ಟುತ್ತದೆ. ಹೆಚ್ಚು ದ್ರವವನ್ನು ಒಮ್ಮೆಗೇ ಸುರಿದರೆ ಹೊಗೆಯಾಡುವಷ್ಟು ಬಿಸಿಯೇರುವುದೂ ಉಂಟು. ಒಂದೆರಡು ದಿನಗಳಲ್ಲಿ ಹೆಣಿಗೆಯು ಪೂರ್ಣವಾಗಿ ದ್ರವವು ಕಲ್ಲಾಗುತ್ತದೆ. ಹೀಗೆ ಒಮ್ಮೆ ಹೆಣೆದುಕೊಂಡದ್ದು ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಕಾಯಿಸಿದರೆ ಕರಗದೆ ಸುಟ್ಟು ಕರಿಯಾಗುತ್ತದೆ. ಅದನ್ನು ಸಡಿಲಿಸಬಲ್ಲ ತೀಕ್ಷ್ಣವಾದ ದ್ರಾವಕಗಳು ಒಳಗಿನ ಹೂವನ್ನೂ ಬಟ್ಟೆಯನ್ನೂ ಕಾಗದವನ್ನೂ ಮೊದಲೇ ತಿಂದುಹಾಕುತ್ತವೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡುವುದು ಅಗತ್ಯ. ಮುಂದಣ ವಾದವೆಲ್ಲವೂ ಇದನ್ನೇ ಅವಲಂಬಿಸಿದೆ.

ಇನ್ನು ಮೊದಲನೆಯ ಮಾತು. ಮಾಲೆಯನ್ನು ಹಸಿಯಾಗಿಯೇ ರಾಳದಲ್ಲಿ ಮುಳುಗಿಸುವಂತಿಲ್ಲ. ಹೂವಿನಲ್ಲಿ ತೇವವು ಲೇಶವಾದರೂ ಉಳಿದರೆ ಒಳಗೇ ಕಂದಿ ಕೊಳೆತು ಕಪ್ಪಾಗುತ್ತದೆ, ಗುಳ್ಳೆಗಳೇಳುತ್ತವೆ. ಆದಕಾರಣ ಮಾಲೆಯನ್ನು ಬಿಡಿಸಿ, ಹೂಗಳನ್ನು ತೇವ ಹೀರುವ ಸಿಲಿಕಾ ಹರಳುಗಳಲ್ಲಿ ಹೂತು, ಪೂರ್ತಿಯಾಗಿ ಒಣಗಿಸಬೇಕು. ಒಣಗಿದಾಗ ಕೆಂಪು ಗುಲಾಬಿಯು ಕರಿಗೆಂಪಾಗುತ್ತದೆ. ಮಲ್ಲಿಗೆಯೂ ಸುಗಂಧರಾಜವೂ ತಮ್ಮ ಬಿಳುಪನ್ನು ಬಿಟ್ಟು ಕಂದುತ್ತವೆ. ಕೆಲವು ಕಸುಬುದಾರರು ಅದನ್ನು ಮರೆಸಲು ಬಣ್ಣ ಹಚ್ಚುತ್ತಾರೆ. ಮಲ್ಲಿಗೆಯ ಜೀವವೇ ಪರಿಮಳ; ಅದಂತೂ ಒಣಗಿಸುವಾಗಲೇ ಹೋಯಿತು, ಉಳಿದಿದ್ದರೂ ರಾಳವನ್ನು ದಾಟಿ ಮೂಗಿಗೆ ಬರುವಂತಿಲ್ಲ. ಮೃದುತ್ವವು ಹೋಯಿತು, ತಂಪು ಹೋಯಿತು, ನಾರಿನಲ್ಲಿ ಕಟ್ಟಿದವರ ಕೈಯ ಹೆಣಿಗೆಯೂ ಹೋಯಿತು. ಬಣ್ಣ ಬಳಿದ ಹೆಣವೊಂದು ಗಾಜಿನಂಥ ಪೆಟ್ಟಿಗೆಯಲ್ಲಿ ಉಳಿಯಿತು. ಆ ಪೆಟ್ಟಿಗೆಯಾದರೂ ಶಾಶ್ವತವೇ? ಅದೂ ಅಲ್ಲ. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ತಾಗಿದಂತೆಲ್ಲ ಎಪಾಕ್ಸಿಯು ಹಳದಿಗಟ್ಟುತ್ತದೆ. ಅದನ್ನು ತಡೆಯುವ ವಸ್ತುಗಳನ್ನು ಬೆರೆಸುವುದುಂಟು; ಅವು ಹಳದಿಯನ್ನು ನಿಧಾನಗೊಳಿಸುತ್ತವೆಯೇ ಹೊರತು ನಿಲ್ಲಿಸುವುದಿಲ್ಲ. ಸಾವಿರಾರು ರೂಪಾಯಿಗಳನ್ನು ಕೊಟ್ಟು ಕೊಂಡ ಶಾಶ್ವತತೆಯು ಕಾಮಾಲೆ ಹಿಡಿದ ಕಣ್ಣಿನಂತಾಗುವುದಕ್ಕೆ ಮದುವೆಯ ಮಕ್ಕಳು ಮುದುಕರಾಗುವವರೆಗೆ ಕಾಯಬೇಕಾಗಿಲ್ಲ.

ಇಲ್ಲಿ ಪೂರ್ವಪಕ್ಷದವರು ತೃಣಮಣಿಯ ದೃಷ್ಟಾಂತವನ್ನು ತರುತ್ತಾರೆ. ಹುಲ್ಲನ್ನು ಸೆಳೆಯುವ ಮಣಿಯೆಂದು ಸಂಸ್ಕೃತದಲ್ಲಿ ಹೆಸರಾದ ಈ ವಸ್ತುವು ಪುರಾತನ ವೃಕ್ಷಗಳ ರಾಳವು ಭೂಗರ್ಭದಲ್ಲಿ ಗಟ್ಟಿಯಾದುದಷ್ಟೆ. ಗುಜರಾತಿನ ವಸ್ತಾನ್ ಎಂಬಲ್ಲಿಯ ಲಿಗ್ನೈಟ್ ಗಣಿಯಲ್ಲಿ ಸುಮಾರು 5 ಕೋಟಿ ವರ್ಷಗಳಷ್ಟು ಹಳೆಯ ಇಂಥ ರಾಳದೊಳಗೆ ಕೀಟಗಳು ಸಿಕ್ಕಿರುವುದನ್ನು 2010ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಪ್ರಕೃತಿಯೇ ಹೀಗೆ ಕಾಪಾಡಿರುವಾಗ ಮನುಷ್ಯನು ಮಾಡಿದರೆ ತಪ್ಪೇನು ಎಂಬುದು ಅವರ ಪ್ರಶ್ನೆ. ಸಮಾಧಾನವು ಸುಲಭವಾಗಿದೆ. ಆ ಕೀಟವು ಯಾರ ಸ್ಮರಣೆಗೂ ಅಲ್ಲಿ ಇಡಲ್ಪಟ್ಟುದಲ್ಲ. ಅಂಟಿನಲ್ಲಿ ಕಾಲು ಸಿಕ್ಕಿಕೊಂಡು ಸತ್ತದ್ದು. ವಿಜ್ಞಾನಿಗೆ ಅದು ಪ್ರಮಾಣ, ಕೀಟಕ್ಕೆ ಮೃತ್ಯುಪಾಶ. ಅಲ್ಲದೆ, ವಿಜ್ಞಾನಿಯು ಬಯಸುವುದು ಆಕಾರವನ್ನು ಮಾತ್ರ. ರಾಳವು ಕೊಡುವುದೂ ಅದನ್ನೇ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲು ಚೇಳನ್ನೋ ಜೀರುಂಡೆಯನ್ನೋ ರಾಳದಲ್ಲಿ ಹುದುಗಿಸಿದರೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಮದುವೆಯ ಮಾಲೆಯನ್ನು ಚೇಳಿನ ಪಕ್ಕದಲ್ಲಿಡುವವರು ಮಾತ್ರ ತಮ್ಮ ಉಪಮೆಯನ್ನು ಇನ್ನೊಮ್ಮೆ ಯೋಚಿಸುವುದು ಒಳಿತು.

ಎರಡನೆಯ ಮಾತು ಮೊದಲನೆಯದಕ್ಕಿಂತ ಗುರುತರವಾದುದು. ಹೂವಾದರೋ ಹೇಗೂ ಬಾಡುವುದು. ರಾಳದಲ್ಲಿ ಕೆಟ್ಟರೆ ಹಣವೊಂದೇ ನಷ್ಟ. ಆದರೆ ಹಳೆಯ ಮನೆಗಳಲ್ಲಿ ನಿಜವಾಗಿಯೂ ಉಳಿಸಬೇಕಾದ ವಸ್ತುಗಳುಂಟು. ಅಟ್ಟದ ಮೇಲಿನ ಓಲೆಗರಿಯ ಕಟ್ಟು, ಹಿರಿಯರ ದಿನಚರಿ, ಜಮೀನಿನ ಹಳೆಯ ಕಾಗದ, ಕೊಳ್ಳೇಗಾಲದ ಮಗ್ಗದಲ್ಲಿ ನೆಯ್ದ ಜರಿಯ ಸೀರೆ ಮೊದಲಾದವುಗಳನ್ನು ಅಲಂಕಾರಕ್ಕಾಗಿ ತುಂಡರಿಸಿ ರಾಳದಲ್ಲಿ ಮುಳುಗಿಸುವ ಬುದ್ಧಿ ಹಬ್ಬಿದರೆ ಆಗುವ ಹಾನಿಯನ್ನು ತುಂಬಿಕೊಡುವವರಿಲ್ಲ. ಚಾಮರಾಜನಗರದ ಸೀಮೆಯು ಗ್ರಂಥಸಂಪತ್ತಿಲ್ಲದ ಬರಡು ನೆಲವಲ್ಲ. ‘ರಾಜಾವಳೀಕಥೆ’ಯನ್ನು ಬರೆದ ದೇವಚಂದ್ರನು ಕನಕಗಿರಿಯ ಮಲೆಯೂರಿನವನು. ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿಯ ಹೊನ್ನಮ್ಮನು ಯಳಂದೂರಿನವಳು. ಇಂಥವರ ಮಾತು ಇಂದಿನ ಕೈಗಳಿಗೆ ಬಂದದ್ದು ಹೇಗೆ? ಓಲೆಯು ಜೀರ್ಣವಾಗುವುದಕ್ಕೆ ಮುಂಚೆ ಯಾರೋ ಒಬ್ಬರು ಇನ್ನೊಂದು ಓಲೆಗೆ ಪ್ರತಿಮಾಡಿದರು. ಅದೂ ಜೀರ್ಣವಾಗುವ ಮುಂಚೆ ಮತ್ತೊಬ್ಬರು. ಓಲೆಯು ನಶ್ವರವೆಂದು ತಿಳಿದವರೇ ಕೃತಿಯನ್ನು ಉಳಿಸಿದರು.

ಇದಕ್ಕೆ ಮೈಸೂರಿನಲ್ಲಿಯೇ ಜಗತ್ಪ್ರಸಿದ್ಧವಾದ ನಿದರ್ಶನವೊಂದಿದೆ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಕಟ್ಟೊಂದನ್ನು ಒಪ್ಪಿಸಿದರು. ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಹೆಸರೊಂದೇ ಉಳಿದು ಗ್ರಂಥವು ಕಳೆದುಹೋಯಿತೆಂದು ಪ್ರಪಂಚವು ನಂಬಿತ್ತು. ಆ ಓಲೆಗಳನ್ನು ಯಾರಾದರೂ ಭಕ್ತಿಯಿಂದಲೇ ಆಗಲಿ ಮುಂಚಿತವಾಗಿ ರಾಳದ ಗಡ್ಡೆಯಲ್ಲಿ ಹುದುಗಿಸಿದ್ದರೆ ಏನಾಗುತ್ತಿತ್ತು? ಮೇಲಿನ ಓಲೆಯೊಂದು ಹೊಳೆಯುತ್ತಿತ್ತು. ಒಳಗಿನ ಓಲೆಗಳನ್ನು ಮಗುಚುವವರಿಲ್ಲದೆ ಕೌಟಿಲ್ಯನು ಬೈಠಕ್‌ಖಾನೆಯ ಅಲಂಕಾರವಾಗಿ ಕುಳಿತಿರುತ್ತಿದ್ದನು. ಮಗುಚಲಾಗದ ಓಲೆಯು ಗ್ರಂಥವಲ್ಲ. ಬಿಚ್ಚಲಾಗದ ಸೀರೆಯು ಸೀರೆಯಲ್ಲ. ಹಿಂಬದಿಯನ್ನು ಓದಲಾಗದ ಕಾಗದವು ಕಾಗದವಲ್ಲ.

ಪ್ರಾಚ್ಯವಸ್ತುಗಳನ್ನು ಸಂರಕ್ಷಿಸುವವರು ಇಂದು ಪಾಲಿಸುವ ಮೊದಲನೆಯ ನಿಯಮವೂ ಇದೇ ಆಗಿದೆ. ಮಾಡಿದ ಚಿಕಿತ್ಸೆಯನ್ನು ಮುಂದೆ ಬೇಕಾದಾಗ ವಸ್ತುವಿಗೆ ನೋವಿಲ್ಲದೆ ತೆಗೆಯುವಂತಿರಬೇಕು. ಏಕೆಂದರೆ ಇಂದಿಗಿಂತ ಒಳ್ಳೆಯ ಉಪಾಯವು ನಾಳೆ ದೊರೆತೀತು. ಈ ನಿಯಮವು ಪೆಟ್ಟುತಿಂದು ಕಲಿತ ಪಾಠ. ಅಮೆರಿಕದ ದಫ್ತರಖಾನೆಗಳು 1930ರ ದಶಕದಿಂದ ತಮ್ಮ ಹಳೆಯ ಪತ್ರಗಳನ್ನು ಸೆಲ್ಯುಲೋಸ್ ಅಸಿಟೇಟಿನ ತೆಳುಹಾಳೆಗಳ ನಡುವೆ ಇಟ್ಟು ಶಾಖದಿಂದ ಒತ್ತಿಸಿದವು. ಅಂದಿಗೆ ಅದು ಪರಮೋಪಾಯವೆಂದೇ ಎಲ್ಲರ ನಂಬಿಕೆ. ದಶಕಗಳು ಕಳೆದ ಮೇಲೆ ಆ ಹಾಳೆಯೇ ಹುಳಿಯಾಗಿ, ಸುಕ್ಕುಗಟ್ಟಿ, ಕಾಪಾಡಬೇಕಾದ ಕಾಗದವನ್ನೇ ಕೆಡಿಸಲಾರಂಭಿಸಿತು. ಒತ್ತಿಸಿದವರೇ ಬಿಡಿಸಲು ಕುಳಿತರು. ಅಷ್ಟು ದೂರಕ್ಕೇಕೆ ಹೋಗಬೇಕು? ಅಂಕಪಟ್ಟಿಯನ್ನೂ ಹಕ್ಕುಪತ್ರವನ್ನೂ ಪೇಟೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಒತ್ತಿಸಿ, ಮಸಿಯು ಹಾಳೆಗೆ ಅಂಟಿಕೊಂಡ ಮೇಲೆ ತಲೆಯ ಮೇಲೆ ಕೈಹೊತ್ತ ಮನೆಗಳು ಯಾವ ಊರಿನಲ್ಲಿಲ್ಲ? ತೆಳುಹಾಳೆಯ ಗತಿಯೇ ಹೀಗಾದರೆ ಬೆರಳುದಪ್ಪದ ಎಪಾಕ್ಸಿಯ ಗತಿಯನ್ನು ಹೇಳಬೇಕಾದುದಿಲ್ಲ.

ಮೂರನೆಯದಾದ ಸಂಸ್ಕಾರದ ಮಾತಿಗೆ ಬರೋಣವಾಗಲಿ. ನೆನಪಿನ ಕುರುಹಿಗೆ ಸಂಸ್ಕೃತದಲ್ಲಿ ಅಭಿಜ್ಞಾನವೆಂದು ಹೆಸರು. ಕಾಳಿದಾಸನ ನಾಟಕದ ಹೆಸರಿನಲ್ಲಿಯೇ ಆ ಮಾತಿದೆ. ದುಷ್ಯಂತನು ಕೊಟ್ಟ ಉಂಗುರವು ಶಕುಂತಲೆಯ ಬೆರಳಿನಲ್ಲಿತ್ತು, ಜಾರಿತು, ಮೀನಿನ ಹೊಟ್ಟೆಯನ್ನು ಸೇರಿತು, ಬೆಸ್ತನ ಕೈಯಿಂದ ಮತ್ತೆ ಅರಸನ ಕೈಗೆ ಬಂದಿತು. ಸೀತೆಯ ಚೂಡಾಮಣಿಯು ಸೆರಗಿನ ಗಂಟಿನಿಂದ ಹನುಮಂತನ ಕೈಗೆ, ಅವನ ಕೈಯಿಂದ ರಾಮನ ಎದೆಗೆ ಬಂದಿತು. ಇವುಗಳಲ್ಲಿ ಯಾವುದೂ ಕಪಾಟಿನಲ್ಲಿ ಕುಳಿತ ವಸ್ತುವಲ್ಲ. ಅಭಿಜ್ಞಾನವು ಕೈಯಿಂದ ಕೈಗೆ ಹೋಗಬೇಕು, ಮೈಗೆ ಸೋಕಬೇಕು, ಕಳೆದುಹೋಗುವ ಭಯವೂ ಅದಕ್ಕಿರಬೇಕು. ಕಳೆದೀತೆಂಬ ಭಯದಿಂದಲೇ ಜನರು ಅದನ್ನು ಜೋಪಾನಮಾಡುತ್ತಾರೆ, ಮಕ್ಕಳಿಗೆ ಅದರ ಕಥೆಯನ್ನು ಹೇಳುತ್ತಾರೆ. ಕಳೆಯದ, ಸವೆಯದ, ಮುಟ್ಟಲಾಗದ ವಸ್ತುವಿನ ಕಥೆಯನ್ನು ಯಾರೂ ಹೇಳುವುದಿಲ್ಲ. ಧೂಳು ಒರೆಸುವ ದಿನ ಅದರ ಜ್ಞಾಪಕವು ಬಂದರೆ ಅದೇ ಹೆಚ್ಚು.

ಹಿಂದಿನವರಿಗೆ ಕೆಡದಂತೆ ಇಡುವ ವಿದ್ಯೆಯು ತಿಳಿಯದೆ ಇದ್ದಿತೆಂದು ಯಾರೂ ಭಾವಿಸಬಾರದು. ದಶರಥನು ಪ್ರಾಣಬಿಟ್ಟಾಗ ಮಕ್ಕಳಾರೂ ಅಯೋಧ್ಯೆಯಲ್ಲಿರಲಿಲ್ಲ. ಅಮಾತ್ಯರು ದೊರೆಯ ದೇಹವನ್ನು ತೈಲದ್ರೋಣಿಯಲ್ಲಿಟ್ಟು ಭರತನನ್ನು ಕರೆಸಿದರು. ಭರತನು ಬಂದನು; ಸಂಸ್ಕಾರವು ನಡೆಯಿತು; ದ್ರೋಣಿಯು ಬರಿದಾಯಿತು. ಕಾಪಾಡುವುದಕ್ಕೆ ಅಲ್ಲಿ ಒಂದು ಕಾರಣವಿತ್ತು, ಒಂದು ಅವಧಿಯಿತ್ತು, ಅವಧಿಯ ಕೊನೆಯಲ್ಲಿ ಒಂದು ಕರ್ತವ್ಯವಿತ್ತು. ಕೊನೆಯ ಕರ್ತವ್ಯವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಕಾಪಾಡುವುದು ಬೇರೆ, ಆ ಕರ್ತವ್ಯವನ್ನು ಸರಿಯಾಗಿ ನೆರವೇರಿಸುವುದಕ್ಕಾಗಿ ಕಾಪಾಡುವುದು ಬೇರೆ. ಮೊದಲನೆಯದು ಮೋಹ, ಎರಡನೆಯದು ಧರ್ಮ.

ದೇವರಿಗೆ ಏರಿಸಿದ ಹೂವು ಮರುದಿನ ನಿರ್ಮಾಲ್ಯವಾಗುತ್ತದೆ. ಅದನ್ನು ಕಣ್ಣಿಗೊತ್ತಿಕೊಂಡು ತೆಗೆದು, ತುಳಿಯುವವರಿಲ್ಲದ ಕಡೆ ಗಿಡದ ಬುಡಕ್ಕೋ ಹರಿಯುವ ನೀರಿಗೋ ಬಿಡುವುದು ಪದ್ಧತಿ. ನಿನ್ನೆಯ ಹೂವನ್ನು ತೆಗೆದ ಹೊರತು ಇಂದಿನ ಹೂವಿಗೆ ಎಡೆಯಿಲ್ಲ. ಗೌರಿ ಗಣೇಶರನ್ನು ತಂದು ಕೂರಿಸಿದವರೇ ನೀರಿಗೆ ಬಿಡುತ್ತಾರೆ. ವಿವಾಹದ ಮಾಲೆಯೂ ಈ ಧರ್ಮಕ್ಕೇ ಸೇರಿದುದು. ಮುಹೂರ್ತದಲ್ಲಿ ಅದರ ಕೆಲಸವು ಮುಗಿಯಿತು. ಇನ್ನು ಮಗುವಿನ ಮುಡಿಯ ವಿಚಾರ. ಮಲೆಯ ಮಹದೇಶ್ವರನ ಬೆಟ್ಟದಲ್ಲಿಯೋ ಬೇರೆ ಕ್ಷೇತ್ರದಲ್ಲಿಯೋ ಮುಡಿಕೊಡುವೆವೆಂದು ಹರಕೆ ಹೊತ್ತು, ಕೊಟ್ಟ ಮುಡಿಯಲ್ಲಿ ಒಂದು ಎಳೆಯನ್ನು ಪದಕಕ್ಕೆಂದು ಹಿಂದಕ್ಕೆ ತೆಗೆದುಕೊಳ್ಳುವುದು ದತ್ತಾಪಹಾರವಲ್ಲದೆ ಮತ್ತೇನು? ಅಸ್ಥಿಯನ್ನು ಕಪಿಲೆಯಲ್ಲಿ, ಕಾವೇರಿಯಲ್ಲಿ ಬಿಡುವುದೂ ಹಾಗೆಯೇ. ಪೂರ್ತಿಯಾಗಿ ಬಿಟ್ಟಾಗ ಮಾತ್ರ ಅದು ಬಿಟ್ಟದ್ದು. ತಂದೆಯ ಭಸ್ಮದ ಒಂದು ಚಿಟಿಕೆಯನ್ನು ಕೀಲಿಗೊಂಚಲಿನಲ್ಲಿ ಕಟ್ಟಿಕೊಂಡು ಸಂತೆಗೂ ಶೌಚಕ್ಕೂ ತಿರುಗುವ ಮಗನು ಪಿತೃಭಕ್ತಿಗೆ ಮಾದರಿಯಾಗಲಾರನು.

ಬಾಡುವುದರಿಂದ ಹೂವಿನ ಬೆಲೆಯು ಕಡಮೆಯಾಗುವುದಿಲ್ಲವೆಂಬುದನ್ನು ಗುಂಡ್ಲುಪೇಟೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂಡೀಪುರದ ಕಡೆಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಮಳೆಗಾಲದ ಹೊತ್ತಿಗೆ ಚೆಂಡುಹೂವಿನ ಹೊಲಗಳು ಅರಳುತ್ತವೆ. ಓಣಂ ಬಂದಾಗ ಅಲ್ಲಿಯ ಹೂವು ಘಟ್ಟವಿಳಿದು ಕೇರಳಕ್ಕೆ ಹೋಗುತ್ತದೆ; ಅಲ್ಲಿಯ ಅಂಗಳಗಳಲ್ಲಿ ಹತ್ತು ದಿನವೂ ಹೂವಿನ ರಂಗವಲ್ಲಿಯನ್ನು ದಿನದಿನವೂ ಹೊಸದಾಗಿ ಬಿಡಿಸುತ್ತಾರೆ; ಹಳೆಯದನ್ನು ಗುಡಿಸುತ್ತಾರೆ. ಕಾರ್ಖಾನೆಗಳಿಗೆ ಹೋಗುವ ಚೆಂಡುಹೂವಿನ ಕಥೆಯಂತೂ ಈ ಪ್ರಸ್ತಾಪಕ್ಕೆ ಬಹಳ ಹತ್ತಿರವಾದುದು. ಆ ದಳಗಳನ್ನು ಒಣಗಿಸಿ, ದ್ರಾವಕದಿಂದ ಸೆಳೆದು, ಎಣ್ಣೆಯಂಥ ರಾಳವೊಂದನ್ನು ತೆಗೆಯುತ್ತಾರೆ. ಅದರಲ್ಲಿರುವ ಲ್ಯೂಟೀನ್ ಎಂಬ ಬಣ್ಣವು ಕೋಳಿಯ ಆಹಾರಕ್ಕೆ ಸೇರಿ ಮೊಟ್ಟೆಯ ಹಳದಿಗೆ ರಂಗನ್ನು ಕೊಡುತ್ತದೆ. ಕಣ್ಣಿನ ಪುಷ್ಟಿಗೆಂದು ಮಾರುವ ಗುಳಿಗೆಗಳಿಗೂ ಸೇರುತ್ತದೆ. ಅಲ್ಲಿ ಹೂವಿನಿಂದ ರಾಳವು ಹುಟ್ಟಿ ಇನ್ನೊಂದು ಜೀವಕ್ಕೆ ಉಪಯೋಗವಾಗುತ್ತದೆ. ಇಲ್ಲಿ ರಾಳದೊಳಗೆ ಹೂವು ಸಿಕ್ಕಿ ಯಾರಿಗೂ ಬಾರದಾಗುತ್ತದೆ.

ಸ್ಮಾರಕವೆಂದರೆ ಹೇಗಿರಬೇಕೆಂಬುದಕ್ಕೆ ಚಾಮರಾಜನಗರವೇ ಸಾಕ್ಷಿ. ಅರಿಕುಠಾರವೆಂಬ ಹಳೆಯ ಹೆಸರಿನ ಈ ಊರು ಚಾಮರಾಜ ಒಡೆಯರ ಜನ್ಮಸ್ಥಳ. ಅವರ ಮಕ್ಕಳಾದ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಸ್ಮರಣಾರ್ಥವಾಗಿ ಊರಿಗೆ ಆ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ತಂದೆಯ ಒಡವೆ ವಸ್ತುಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದರೆ ಇಂದು ಯಾರಿಗೆ ಆ ಹೆಸರಿನ ನೆನಪಿರುತ್ತಿತ್ತು? ದಿನವೂ ಪೂಜೆ ನಡೆಯುವಂತೆ, ವರ್ಷಕ್ಕೊಮ್ಮೆ ಊರು ಕೂಡುವಂತೆ ಏರ್ಪಡಿಸಿದುದರಿಂದ ನೆನಪು ಉಳಿಯಿತು. ಆಷಾಢದ ರಥೋತ್ಸವಕ್ಕೆ ಹೊಸದಾಗಿ ಮದುವೆಯಾದ ದಂಪತಿಗಳು ಬಂದು ರಥಕ್ಕೆ ಹಣ್ಣು ಜವನ ಎಸೆಯುವುದು ಪ್ರಸಿದ್ಧವಾಗಿದೆ. 2017ರಲ್ಲಿ ಆ ರಥಕ್ಕೆ ಬೆಂಕಿ ತಗುಲಿ ಹಾನಿಯಾಗಿ ಕೆಲವು ವರ್ಷ ಉತ್ಸವವೇ ನಿಂತಿತ್ತು. ಹೊಸ ರಥವು ಸಿದ್ಧವಾಗಿ 2022ರಲ್ಲಿ ಮತ್ತೆ ತೇರು ಎಳೆಯಲ್ಪಟ್ಟಿತು. ಸುಟ್ಟ ಮರವನ್ನು ಜತನದಿಂದ ಇಟ್ಟುಕೊಂಡಿದ್ದರೆ ಅದು ತೇರಾಗುತ್ತಿರಲಿಲ್ಲ. ಹೊಸ ಮರ, ಹೊಸ ಹಗ್ಗ, ಹೊಸ ದಂಪತಿಗಳು. ಉತ್ಸವ ಮಾತ್ರ ಹಳೆಯದು. ಶಾಶ್ವತವೆಂಬುದಕ್ಕೆ ಮನುಷ್ಯರ ಪಾಲಿಗೆ ಇರುವ ಅರ್ಥವು ಇದೊಂದೇ.

ಈಗ ಎದುರುಪಕ್ಷದ ಎರಡು ಬಲವಾದ ಆಕ್ಷೇಪಗಳನ್ನು ಎತ್ತಿಕೊಳ್ಳಬೇಕು. ಈ ಕಸುಬಿನಿಂದ ಅನೇಕ ಹೆಣ್ಣುಮಕ್ಕಳು ಮನೆಯಲ್ಲಿಯೇ ಕುಳಿತು ನಾಲ್ಕು ಕಾಸು ಸಂಪಾದಿಸುತ್ತಾರೆ, ಅದಕ್ಕೆ ಕಲ್ಲುಹಾಕಬಾರದು ಎಂಬುದು ಒಂದು. ಅವರ ಸಂಪಾದನೆಯನ್ನು ಯಾರೂ ದ್ವೇಷಿಸುವುದಿಲ್ಲ. ಆದರೆ ಅವರ ಹಿತವನ್ನು ಬಯಸುವವರು ಮೊದಲು ಹೇಳಬೇಕಾದ ಮಾತು ಇನ್ನೊಂದಿದೆ. ಗಟ್ಟಿಯಾಗದ ಎಪಾಕ್ಸಿಯೂ ಅದರ ಜೊತೆಯ ದ್ರವವೂ ಚರ್ಮಕ್ಕೆ ಪದೇಪದೇ ತಾಗಿದರೆ ತುರಿಯೂ ಬೊಕ್ಕೆಯೂ ಏಳುತ್ತವೆ. ಒಮ್ಮೆ ಆ ದೋಷವು ಮೈಗೆ ಹತ್ತಿದರೆ ಬಹುಮಟ್ಟಿಗೆ ಜೀವಾವಧಿಯೂ ಬಿಡದು. ಮುಂದೆ ಲೇಶ ಸೋಕಿದರೂ ಮರುಕಳಿಸುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದರ ಆವಿಯೂ, ಉಜ್ಜಿ ನುಣುಪುಮಾಡುವಾಗ ಏಳುವ ಧೂಳೂ ಶ್ವಾಸಕ್ಕೆ ಕೆಟ್ಟವು. ಅಡಿಗೆಮನೆಯ ಪಕ್ಕದಲ್ಲಿ, ಕೈಗವಸಿಲ್ಲದೆ, ಮಗುವನ್ನು ಮಡಿಲಿನಲ್ಲಿಟ್ಟುಕೊಂಡು ಇದನ್ನು ಕಲಸುವುದು ಸಂಪಾದನೆಯಲ್ಲ, ಸಾಲ. ಮೈಯೇ ಅದನ್ನು ತೀರಿಸಬೇಕು. ಬಟ್ಟಲು, ತಟ್ಟೆ, ಗಡಿಯಾರದ ಮುಖ ಮೊದಲಾದ ಅಲಂಕಾರಗಳನ್ನು ತಕ್ಕ ಎಚ್ಚರಿಕೆಯಿಂದ ಮಾಡಿ ಮಾರುವವರು ಮಾರಲಿ; ಅದಕ್ಕೆ ಇಲ್ಲಿ ಆಕ್ಷೇಪವಿಲ್ಲ. ಜನರ ಪ್ರೀತಿಯನ್ನೂ ದುಃಖವನ್ನೂ ಬಂಡವಾಳಮಾಡಿಕೊಂಡು ಶಾಶ್ವತತೆಯ ಸುಳ್ಳನ್ನು ಮಾರುವುದಕ್ಕೆ ಮಾತ್ರ ಆಕ್ಷೇಪ.

ಎರಡನೆಯ ಆಕ್ಷೇಪವು ಮನಸ್ಸನ್ನು ಕಲಕತಕ್ಕದ್ದು. ಹಸುಗೂಸನ್ನು ಕಳೆದುಕೊಂಡ ತಾಯಿಯು ಅದರ ಒಂದು ಎಳೆ ಕೂದಲನ್ನು ಪದಕದಲ್ಲಿಟ್ಟು ಎದೆಯ ಮೇಲೆ ಧರಿಸಿದರೆ ಅದನ್ನು ತಪ್ಪೆನ್ನುವ ಕಠಿಣಹೃದಯರು ಯಾರು? ಯಾರೂ ಅಲ್ಲ. ಆಕೆಯ ದುಃಖದ ಮುಂದೆ ಶಾಸ್ತ್ರವೂ ತರ್ಕವೂ ಬಾಯಿ ಮುಚ್ಚಿಕೊಂಡಿರುವುದೇ ಸರಿ. ಆದರೆ ಆ ಎಳೆಯನ್ನು ಒಂದು ಬೆಳ್ಳಿಯ ಭರಣಿಯಲ್ಲಿಡಬಹುದು. ಬೇಕೆನಿಸಿದಾಗ ಮುಚ್ಚಳವನ್ನು ತೆರೆದು ಮುಟ್ಟಬಹುದು. ಎಂದಾದರೊಂದು ದಿನ ಮನಸ್ಸು ಹದಕ್ಕೆ ಬಂದಾಗ ತಾನೇ ನೀರಿಗೆ ಬಿಡಬಹುದು. ಅಂಥ ದಿನವು ಬಾರದೆಯೂ ಇರಬಹುದು. ಬಂದರೆ ಆಕೆಯ ಕೈಯಲ್ಲಿ ಆ ಸ್ವಾತಂತ್ರ್ಯವಿರಬೇಕು. ರಾಳವು ಕಸಿದುಕೊಳ್ಳುವುದು ಈ ಸ್ವಾತಂತ್ರ್ಯವನ್ನೇ. ದುಃಖದ ಮೊದಲನೆಯ ತಿಂಗಳಿನಲ್ಲಿ ಮಾಡಿದ ನಿರ್ಧಾರವನ್ನು ಅದು ಮೂವತ್ತು ವರ್ಷಗಳಿಗೂ ಬಿಗಿಯುತ್ತದೆ.

ಆ ಗಡ್ಡೆಗಳ ಮುಂದಣ ಗತಿಯನ್ನೂ ಯೋಚಿಸಬೇಕು. ಇಂದು ಮದುವೆಯಾದವರ ಮಾಲೆಯ ಹಲಗೆಯು ಮೊಮ್ಮಕ್ಕಳ ಕಾಲಕ್ಕೆ ಯಾರದೋ ಹಳೆಯ ಸಾಮಾನು. ಕರಗಿಸಿ ಇನ್ನೊಂದು ವಸ್ತುವನ್ನು ಮಾಡುವಂತಿಲ್ಲ, ಹೂಳಿದರೆ ಮಣ್ಣಾಗದು, ಸುಟ್ಟರೆ ವಿಷದ ಹೊಗೆ. ಹೊರಹಾಕುವುದಕ್ಕೆ ಮನಸ್ಸೊಪ್ಪದು, ಇಟ್ಟುಕೊಳ್ಳುವುದಕ್ಕೆ ಸ್ಥಳವಿಲ್ಲ. ಹಿರಿಯರು ಬಿಡಲಾರದುದನ್ನು ಕಿರಿಯರ ತಲೆಯ ಮೇಲೆ ಹೊರಿಸಿ ಹೋದಂತಾಗುತ್ತದೆ. ವಾರಣಾವತದ ಅರಗಿನ ಮನೆಯೂ ನೋಡುವುದಕ್ಕೆ ಚೆಲುವಾಗಿಯೇ ಇತ್ತು. ಒಳಹೊಕ್ಕವರು ಹೊರಬರುವ ದಾರಿಯನ್ನು ಮೊದಲೇ ಅಗೆಸಿಕೊಂಡಿದ್ದರಿಂದ ಬದುಕಿದರು. ಈ ಮನೆಗೆ ಸುರಂಗವೂ ಇಲ್ಲ.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಮಾಲೆಯ ಒಂದೆರಡು ದಳಗಳನ್ನು ಪುಸ್ತಕದ ನಡುವೆ ಒಣಗಿಸಿಟ್ಟು, ಉಳಿದುದನ್ನು ತೆಂಗಿನ ಸಸಿಯ ಬುಡಕ್ಕೆ ಹಾಕಲಿ. ಮರವು ಬೆಳೆದಂತೆ ಮದುವೆಯ ವರ್ಷವನ್ನು ಮಕ್ಕಳು ಅ ಮರದಿಂದಲೇ ಎಣಿಸುವರು. ಮದುವೆಯ ಚಿತ್ರಗಳ ಹಿಂದೆ ದಿನಾಂಕವನ್ನೂ ನಿಂತವರ ಹೆಸರುಗಳನ್ನೂ ಬರೆದಿಡಲಿ; ಎಷ್ಟು ಮನೆಗಳಲ್ಲಿ ಅಜ್ಜಿಯ ತಾಯಿಯ ಚಿತ್ರವಿದ್ದೂ ಹೆಸರು ಹೇಳುವವರಿಲ್ಲ! ಅಜ್ಜಿಯ ಸೀರೆಯನ್ನು ವರ್ಷಕ್ಕೊಮ್ಮೆ ಬಿಚ್ಚಿ, ಗಾಳಿಗೆ ಹಾಕಿ, ಮಡಿಕೆಯನ್ನು ಬದಲಿಸಿ ಮಡಿಸಲಿ. ಹಬ್ಬದ ದಿನ ಮೊಮ್ಮಗಳು ಉಡಲಿ. ಹರಿದ ಮೇಲೆ ತೊಟ್ಟಿಲಿಗೆ ಹಾಸಲಿ. ಓಲೆಗರಿಯ ಕಟ್ಟುಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಹಿತವಾಗಿ ಸವರಿ, ಹಲಗೆಗಳ ನಡುವೆ ಬಟ್ಟೆಯಲ್ಲಿ ಸುತ್ತಿಡಲಿ. ಓದಬಲ್ಲವರಿಂದ ಓದಿಸಲಿ, ಚಿತ್ರ ತೆಗೆಸಲಿ. ಮನೆಯಲ್ಲಿ ಆಗದಿದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಒಪ್ಪಿಸಲಿ. ಇವುಗಳಲ್ಲಿ ಒಂದಕ್ಕೂ ಸಾವಿರಾರು ರೂಪಾಯಿ ಬೇಕಾಗಿಲ್ಲ. ಬೇಕಾದದ್ದು ವರ್ಷಕ್ಕೆ ನಾಲ್ಕಾರು ದಿನದ ಶ್ರಮ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳುವಷ್ಟು ವ್ಯವಧಾನ.

ನಿಜವಾಗಿ ವ್ಯಾಪಾರವಾಗುತ್ತಿರುವುದು ಈ ವ್ಯವಧಾನವೇ. ನೆನಪಿಡುವ ಶ್ರಮವನ್ನು ವಸ್ತುವಿಗೆ ಒಪ್ಪಿಸಿ ತಾವು ಮರೆಯಬಹುದೆಂಬ ಆಸೆಯೇ ರಾಳದ ಹಲಗೆಯ ಬೆಲೆ. ಮನೆಯವರು ನೆನೆಯುವವರೆಗೆ ಬಾಡಿದ ಹೂವಿಗೂ ಆಯುಸ್ಸುಂಟು. ಅವರು ಮರೆತ ದಿನ ಎಪಾಕ್ಸಿಯೊಳಗಿನ ಹೂವು ಕಸದ ಬೆಲೆಗೂ ಬಾರದು. ಆದುದರಿಂದ ಮುಂದಿನ ಲಗ್ನಕಾಲದಲ್ಲಿ ಮಾಲೆಯನ್ನು ಪೆಟ್ಟಿಗೆಗೆ ತುಂಬುವ ಮುಂಚೆ ಮನೆಯ ಹಿರಿಯರು ಒಂದು ಗಳಿಗೆ ನಿಲ್ಲಿಸಿ ಕೇಳಬೇಕು: ಇದನ್ನು ಹೊರಗೆ ತೆಗೆಯುವ ದಾರಿಯುಂಟೆ? ಇಲ್ಲವೆಂಬ ಉತ್ತರವು ಬಂದರೆ ಮಾಲೆಯು ಗಿಡದ ಬುಡಕ್ಕೇ ಹೋಗತಕ್ಕದ್ದು.